ಸರ್ಕಾರಿ ತಾಂತ್ರಿಕ ಪ್ರೌಢಶಾಲೆಯನ್ನು ಪರಿಶೀಲಿಸಿ ಆರಿಸುವ ಬಗೆ

ತಂತ್ರಜ್ಞಾನವನ್ನೂ ವೃತ್ತಿಕೌಶಲಗಳನ್ನೂ ಕಲಿಸುವ ಸರ್ಕಾರಿ ಪ್ರೌಢಶಾಲೆಗೆ ಮಗುವನ್ನು ಸೇರಿಸಬೇಕೆಂದಿರುವ ಪಾಲಕರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪರೀಕ್ಷೆಯ ಫಲಿತಾಂಶವನ್ನು. ಅದನ್ನು ಕೇಳಲೇಬೇಕು, ಆದರೆ ಇಂಥ ಶಾಲೆಯ ನಿಜವಾದ ಗುಣ ತಿಳಿಯುವುದು ಅದರ ಕಾರ್ಯಾಗಾರದಲ್ಲಿ. ಆದ್ದರಿಂದ ಅರ್ಜಿ ತುಂಬುವ ಮೊದಲೇ, ಪ್ರಾಯೋಗಿಕ ತರಗತಿ ಇರುವ ದಿನ ನೋಡಿಕೊಂಡು, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಗುವನ್ನೂ ಜೊತೆಗೆ ಕರೆದೊಯ್ದು ಸ್ವಲ್ಪ ಹೊತ್ತು ಅಲ್ಲಿ ನಿಂತು ನೋಡುವುದು ಒಳ್ಳೆಯದು.

ಯಂತ್ರಗಳ ಸಂಖ್ಯೆಗಿಂತ, ಒಂದೊಂದು ಯಂತ್ರದ ಮುಂದೆ ಎಷ್ಟು ವಿದ್ಯಾರ್ಥಿಗಳು ನಿಂತಿದ್ದಾರೆ, ಅವರಲ್ಲಿ ಎಷ್ಟು ಜನರ ಕೈ ಕೆಲಸದಲ್ಲಿದೆ ಎಂಬುದನ್ನು ಗಮನಿಸಿ. ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರವಾದ ಲೇತ್‌ನ ಕೆಳಗಿನ ತಟ್ಟೆಯಲ್ಲಿ ಆಗಷ್ಟೇ ಕತ್ತರಿಸಿದ ಲೋಹದ ಚೂರುಗಳಿದ್ದರೆ ಆ ಯಂತ್ರ ದುಡಿಯುತ್ತಿದೆ ಎಂದರ್ಥ; ತಟ್ಟೆ ಹೊಳೆಯುತ್ತಾ ಬರಿದಾಗಿದ್ದರೆ ಕಾರಣ ಕೇಳಬೇಕು. ಅಳತೆಯ ಉಪಕರಣಗಳು ಎಲ್ಲಿವೆ ಎಂಬುದೂ ಅಷ್ಟೇ ಮುಖ್ಯ. ಸಾಮಾನ್ಯ ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರ್‌ವರೆಗೆ, ಮೈಕ್ರೋಮೀಟರ್ 0.01 ಮಿಲಿಮೀಟರ್‌ವರೆಗೆ ಅಳೆಯುತ್ತವೆ. ಇವು ಬೀರುವಿನೊಳಗೆ ಬೀಗ ಹಾಕಿಕೊಂಡೇ ಇದ್ದರೆ ಮಕ್ಕಳು ಅಂದಾಜಿನ ಮೇಲೆಯೇ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯಬಹುದು.

ಬಳಿಕ, ಒಬ್ಬ ವಿದ್ಯಾರ್ಥಿ ವರ್ಷದುದ್ದಕ್ಕೂ ಮಾಡಿದ ಕೆಲಸಗಳನ್ನು ಕ್ರಮವಾಗಿ ತೋರಿಸುವಂತೆ ಕೇಳಿಕೊಳ್ಳಿ. ಕೆಲಸವನ್ನು ಸುಲಭದಿಂದ ಕಠಿಣದೆಡೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿಯನ್ನು 1868ರಲ್ಲಿ ಮಾಸ್ಕೋದ ತಾಂತ್ರಿಕ ಶಾಲೆಯಲ್ಲಿ ಅದರ ನಿರ್ದೇಶಕ ವಿಕ್ಟರ್ ಡೆಲ್ಲಾ-ವೋಸ್ ರೂಪಿಸಿದರು. 1876ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದ ಶಿಕ್ಷಣತಜ್ಞರು ಬಹಳ ಪ್ರಭಾವಿತರಾದರು. ಇಂದಿಗೂ ಒಳ್ಳೆಯ ಕಾರ್ಯಾಗಾರದಲ್ಲಿ ಇದೇ ಕ್ರಮ ಕಾಣುತ್ತದೆ: ಮೊದಲು ಅರದಿಂದ ಒಂದು ಮುಖವನ್ನು ಸಮತಟ್ಟು ಮಾಡುವುದು, ಅನಂತರ ಅದಕ್ಕೆ ಲಂಬವಾಗಿ ಇನ್ನೊಂದು ಮುಖವನ್ನು ತರುವುದು, ಆಮೇಲೆ ಎರಡು ತುಂಡುಗಳು ಒಂದರೊಳಗೊಂದು ಕೂಡುವಂತೆ ಮಾಡುವುದು. ಒಂದೇ ಬಗೆಯ ತುಂಡುಗಳನ್ನು ವರ್ಷವಿಡೀ ಮಾಡಿಸಿದ್ದರೆ ಮಗು ಅಲ್ಲಿ ಹೆಚ್ಚು ಕಲಿಯಲಾರದು.

ಸುರಕ್ಷತೆಯ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ. ಯಂತ್ರದ ಬಳಿ ಇರುವವರೆಲ್ಲರೂ, ಶಿಕ್ಷಕರೂ ಸೇರಿದಂತೆ, ರಕ್ಷಣಾ ಕನ್ನಡಕ ಧರಿಸಿರಬೇಕು. ಉದ್ದ ಕೂದಲನ್ನು ಕಟ್ಟಿರಬೇಕು, ಸಡಿಲವಾದ ತೋಳುಗಳಿರಬಾರದು. ವೆಲ್ಡಿಂಗ್‌ಗೆ ಕೈಗವಸು ಬೇಕೇ ಬೇಕು. ತಿರುಗುವ ಲೇತ್‌ನ ಮುಂದೆ ಮಾತ್ರ ಅದನ್ನು ಧರಿಸಬಾರದು, ಏಕೆಂದರೆ ಅದೇ ಕೈಗವಸು ಸಿಕ್ಕಿಕೊಂಡು ಕೈಯನ್ನು ಒಳಗೆಳೆಯಬಲ್ಲದು. ಯಂತ್ರವನ್ನು ತಕ್ಷಣ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಯಾವುದಾದರೂ ವಿದ್ಯಾರ್ಥಿಯನ್ನು ಕೇಳಿ ನೋಡಿ. ಆತ ತಡವರಿಸದೆ ತೋರಿಸಬೇಕು.

ಕೈಕೆಲಸಕ್ಕೂ ಗಣಿತಕ್ಕೂ ನಂಟು ಬೆಳೆದಿದೆಯೇ ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಒಂದು ತುದಿಯಲ್ಲಿ 40 ಮಿಲಿಮೀಟರ್, ಇನ್ನೊಂದು ತುದಿಯಲ್ಲಿ 30 ಮಿಲಿಮೀಟರ್ ವ್ಯಾಸವಿರುವ, 50 ಮಿಲಿಮೀಟರ್ ಉದ್ದದ ಟೇಪರ್ ಅನ್ನು, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಸಮನಾಗಿ ಕಿರಿದಾಗುವ ತುಂಡನ್ನು, ಲೇತ್‌ನಲ್ಲಿ ಕಡೆಯಬೇಕೆಂದುಕೊಳ್ಳಿ. ವ್ಯಾಸಗಳ ವ್ಯತ್ಯಾಸವಾದ 10ನ್ನು ಉದ್ದದ ಎರಡರಷ್ಟಾದ 100ರಿಂದ ಭಾಗಿಸಿದರೆ 0.1 ಬರುತ್ತದೆ, ಟ್ಯಾಂಜೆಂಟ್ ಬೆಲೆ 0.1 ಇರುವ ಕೋನ ಸುಮಾರು 5.7 ಡಿಗ್ರಿ, ಉಳಿಯನ್ನು ಹಿಡಿದಿರುವ ಭಾಗವನ್ನು ತಿರುಗಿಸಬೇಕಾದದ್ದು ಅಷ್ಟೇ. ತ್ರಿಕೋನಮಿತಿ ಏಕೆ ಬೇಕೆಂದು ಈ ಲೆಕ್ಕ ಮಾಡಿದ ಹುಡುಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಣಿತದ ಶಿಕ್ಷಕರೂ ಕಾರ್ಯಾಗಾರದ ಶಿಕ್ಷಕರೂ ಪಾಠಗಳನ್ನು ಕೂಡಿ ಯೋಜಿಸುತ್ತಾರೆಯೇ ಎಂದು ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಿ.

ವೇಳಾಪಟ್ಟಿಯ ಪ್ರತಿಯನ್ನೂ ಪಡೆದುಕೊಳ್ಳಿ. ಉಪಕರಣ ಜೋಡಿಸಲು ಮತ್ತು ಕೊನೆಗೆ ಸ್ವಚ್ಛಗೊಳಿಸಲು ಸಮಯ ಹಿಡಿಯುವುದರಿಂದ ಪ್ರಾಯೋಗಿಕ ತರಗತಿಗೆ ಎರಡು ಮೂರು ಅವಧಿಗಳು ಒಟ್ಟಿಗೇ ಇರಬೇಕು. ವಿಜ್ಞಾನ, ಗಣಿತ ಮತ್ತು ಭಾಷೆಗಳ ಪಾಠ ಇತರ ಪ್ರೌಢಶಾಲೆಗಳ ಮಟ್ಟದಲ್ಲೇ ನಡೆಯುತ್ತದೆಯೇ, ಇಲ್ಲಿನ ಪ್ರಮಾಣಪತ್ರದಿಂದ ಉನ್ನತ ಶಿಕ್ಷಣಕ್ಕೂ ಉದ್ಯೋಗ ತರಬೇತಿಗೂ ಹೋಗಬಹುದೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ನೋಡಿಕೊಳ್ಳಿ. ಯಾವ ವೃತ್ತಿವಿಭಾಗಕ್ಕೆ ಸೇರಬೇಕೆಂದು ಮೊದಲ ದಿನವೇ ಗಟ್ಟಿಮಾಡುವ ಶಾಲೆಗಿಂತ, ಮರಗೆಲಸ, ಫಿಟ್ಟಿಂಗ್ (ಲೋಹದ ತುಂಡುಗಳನ್ನು ಅಳತೆಗೆ ತಂದು ಕೂಡಿಸುವ ಕೆಲಸ), ವಿದ್ಯುತ್, ನಕ್ಷಾರಚನೆ ಇವೆಲ್ಲವನ್ನೂ ಕೆಲವು ತಿಂಗಳು ಮಾಡಿಸಿ ಆಮೇಲೆ ಆರಿಸಲು ಬಿಡುವ ಶಾಲೆ ಮೇಲು. ಆ ಆಯ್ಕೆಯ ಅರ್ಜಿಯನ್ನು ಮಗುವೇ ತುಂಬಲಿ.