ಕಡಿಮೆ ಸೋಡಿಯಂ ಉಪ್ಪು: ಮನೆಗೆ ತರುವ ಮೊದಲು, ತಂದ ಮೇಲೆ

ಕಿರಾಣಿ ಅಂಗಡಿಯಲ್ಲಿ ‘ಲೈಟ್’ ಅಥವಾ ‘ಲೋ ಸೋಡಿಯಂ’ ಎಂದು ಬರೆದು ಮಾರುವ ಉಪ್ಪೆಂದರೆ, ಸಾಮಾನ್ಯ ಉಪ್ಪಿನ ಸೋಡಿಯಂ ಕ್ಲೋರೈಡಿನಲ್ಲಿ ಒಂದು ಪಾಲನ್ನು ತೆಗೆದು ಅದರ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಸೋಡಿಯಂ ತಗ್ಗಿ ಪೊಟ್ಯಾಸಿಯಂ ಹೆಚ್ಚಿದಾಗ ರಕ್ತದೊತ್ತಡ ಇಳಿಯುತ್ತದೆ. ಆದರೆ ಹೆಚ್ಚುವರಿ ಪೊಟ್ಯಾಸಿಯಂ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕವಾದ್ದರಿಂದ, ಅವು ಸೋತವರ ರಕ್ತದಲ್ಲಿ ಅದು ಶೇಖರವಾಗಿ ಹೃದಯ ಬಡಿತದ ಲಯವನ್ನೇ ಕೆಡಿಸಬಲ್ಲದು. ನಮ್ಮ ಮನೆಗಳಲ್ಲಿ ಸಾರಿನ ಪಾತ್ರೆ ಒಂದೇ. ಬಿಪಿ ಇರುವ ಮಗನಿಗೆಂದು ತಂದ ಉಪ್ಪು ಕಿಡ್ನಿ ತೊಂದರೆ ಇರುವ ತಾಯಿಯ ತಟ್ಟೆಗೂ ಬೀಳುತ್ತದೆ. ಆದ್ದರಿಂದ ಈ ಉಪ್ಪು ಬೇಕೇ ಬೇಡವೇ ಎಂಬುದನ್ನು ಬಿಪಿ ಇರುವವರೊಬ್ಬರನ್ನೇ ನೋಡಿ ತೀರ್ಮಾನಿಸದೆ, ಆ ಪಾತ್ರೆಯಿಂದ ಉಣ್ಣುವವರಲ್ಲಿ ಯಾರ ಮೂತ್ರಪಿಂಡ ಎಲ್ಲರಿಗಿಂತ ದುರ್ಬಲವೋ ಅವರನ್ನು ನೋಡಿ ತೀರ್ಮಾನಿಸಬೇಕು.

ಪ್ರಯೋಜನದ ಬಗ್ಗೆ ಅನುಮಾನ ಪಡಬೇಕಾಗಿಲ್ಲ. ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಪಾರ್ಶ್ವವಾಯು ಆಗಿದ್ದ ಅಥವಾ 60 ದಾಟಿದ, ಅಧಿಕ ರಕ್ತದೊತ್ತಡವಿದ್ದ ಸುಮಾರು 21,000 ಜನರ ಮೇಲೆ ಐದು ವರ್ಷಗಳಷ್ಟು ಕಾಲ ನಡೆದ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಶೇ 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾಗಿತ್ತು. ನಮ್ಮ ನೆರೆಯ ತೆಲಂಗಾಣದ ಸಿದ್ದಿಪೇಟೆ ಭಾಗದ ಹಳ್ಳಿಗಳಲ್ಲಿ ಬಿಪಿ ಇದ್ದ ಸುಮಾರು 500 ಜನರಿಗೆ ಮೂರು ತಿಂಗಳ ಪರೀಕ್ಷೆ ನಡೆದಾಗ, ಈ ಬಗೆಯ ಉಪ್ಪು ತಿಂದವರ ಬಿಪಿಯ ಮೇಲಿನ ಅಂಕಿ ಸಾಮಾನ್ಯ ಉಪ್ಪು ತಿಂದವರದ್ದಕ್ಕಿಂತ ಸರಾಸರಿ 4.6ರಷ್ಟು ಹೆಚ್ಚು ಇಳಿದಿತ್ತು. ಉಪ್ಪಿನ ಹೆಚ್ಚು ಪಾಲು ಸಿದ್ಧ ಆಹಾರದ ಮೂಲಕ ಬರುವ ದೇಶಗಳಿಗಿಂತ, ಅಡುಗೆಮನೆಯ ಡಬ್ಬಿಯಿಂದಲೇ ಬರುವ ನಮ್ಮಂಥ ಕಡೆ ಪೊಟ್ಟಣ ಬದಲಿಸಿದರೆ ಸಿಗುವ ಫಲವೂ ಹೆಚ್ಚು. ಆದರೆ ಚೀನಾದ ಅಧ್ಯಯನದ ಒಂದು ನಿಯಮವನ್ನು ಸುದ್ದಿ ಬರೆದವರು ಹೆಚ್ಚಾಗಿ ಬಿಟ್ಟೇಬಿಟ್ಟರು: ವ್ಯಕ್ತಿಗೆ ಮಾತ್ರವಲ್ಲ, ಅದೇ ಮನೆಯಲ್ಲಿರುವ ಇನ್ನೊಬ್ಬರಿಗೆ ತೀವ್ರ ಮೂತ್ರಪಿಂಡ ಕಾಯಿಲೆ ಇದ್ದರೂ ಅವರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡಿದಾಗಲೂ ಮಕ್ಕಳು, ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು.

ಹಾಗಾಗಿ ಮೊದಲ ಕೆಲಸ ಮನೆಯವರ ಮಾತ್ರೆಗಳ ಪಟ್ಟಿ ಮಾಡುವುದು. ಸ್ಪೈರೊನೊಲ್ಯಾಕ್ಟೋನ್, ಎಪ್ಲೆರೆನೋನ್, ಅಮಿಲೊರೈಡ್ ಮೊದಲಾದ ಮೂತ್ರವರ್ಧಕಗಳು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಇವನ್ನು ಅಥವಾ ಪೊಟ್ಯಾಸಿಯಂ ಸಿರಪ್ ತೆಗೆದುಕೊಳ್ಳುವವರಿಗೆ ಈ ಉಪ್ಪು ಬೇಡ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಪ್ರಿಲ್ ಕೂಡ ಪೊಟ್ಯಾಸಿಯಂ ಮಟ್ಟವನ್ನು ಸ್ವಲ್ಪ ಏರಿಸುವ ಬಿಪಿ ಮಾತ್ರೆಗಳೇ. ಮೂತ್ರಪಿಂಡ ಚೆನ್ನಾಗಿದ್ದರೆ ಇವುಗಳ ಜೊತೆ ಈ ಉಪ್ಪನ್ನು ಬಳಸಬಾರದೆಂದೇನಿಲ್ಲ, ಆದರೆ ವೈದ್ಯರನ್ನು ಕೇಳದೆ ಬಳಸಬಾರದು. ಎರಡನೆಯ ಕೆಲಸ ರಕ್ತಪರೀಕ್ಷೆ. ಬಿಪಿ ಅಥವಾ ಸಕ್ಕರೆ ಕಾಯಿಲೆ ಹಲವು ವರ್ಷಗಳಿಂದ ಇರುವವರಲ್ಲಿ ಯಾವ ಲಕ್ಷಣವೂ ಕಾಣದಂತೆ ಮೂತ್ರಪಿಂಡ ಕುಂದಿರಬಹುದಾದ್ದರಿಂದ, ಮನೆಯಲ್ಲಿ ಅಂಥವರಿದ್ದರೆ ಅವರ ಕ್ರಿಯಾಟಿನಿನ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ) ಮತ್ತು ಪೊಟ್ಯಾಸಿಯಂ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಹಳೆಯ ಉಪ್ಪನ್ನೇ ಮುಂದುವರಿಸುವುದು ಲೇಸು. ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು.

ಕಿಡ್ನಿ ರೋಗಿಗೆ ವೈದ್ಯರು ‘ಉಪ್ಪು ಕಡಿಮೆ ಮಾಡಿ’ ಎನ್ನುತ್ತಾರೆ; ಮನೆಯವರು ಪ್ರೀತಿಯಿಂದಲೇ ‘ಲೋ ಸೋಡಿಯಂ’ ಪೊಟ್ಟಣ ಕೊಂಡುಬರುತ್ತಾರೆ. ಈ ವಿಷಯದಲ್ಲಿ ಇದಕ್ಕಿಂತ ಅಪಾಯಕಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಪ್ರಮಾಣವನ್ನೇ ನೋಡೋಣ: ಶೇ 30ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇರುವ 5 ಗ್ರಾಂ ಉಪ್ಪಿನಲ್ಲಿ ಸುಮಾರು 780 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಅಂದರೆ ಒಂದು ದೊಡ್ಡ ಎಳನೀರಿನಲ್ಲಿ ಇರುವುದಕ್ಕೆ ಹತ್ತಿರ. ಆರೋಗ್ಯವಂತರಿಗೆ ಇದು ಒಳ್ಳೆಯದೇ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅಲ್ಲ. ಮನೆಯಲ್ಲಿ ಯಾರಿಗಾದರೂ ಎಳನೀರು ಕುಡಿಯಬೇಡಿ, ತರಕಾರಿಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ ಎಂದು ಹೇಳಿದ್ದರೆ ಈ ಉಪ್ಪು ಆ ಅಡುಗೆಮನೆಗೆ ಬರಲೇಬಾರದು. ಉಳಿದವರಿಗೆ ಬೇಕೇ ಬೇಕೆಂದಾದರೆ, ಉಪ್ಪು ಹಾಕುವ ಮೊದಲೇ ರೋಗಿಯ ಪಾಲಿನ ಬೇಳೆ ಮತ್ತು ತರಕಾರಿಯನ್ನು ಬೇರೆ ಪಾತ್ರೆಗೆ ತೆಗೆದು, ಎರಡು ಉಪ್ಪಿನ ಡಬ್ಬಿಗಳಿಗೂ ದೊಡ್ಡ ಅಕ್ಷರದ ಚೀಟಿ ಅಂಟಿಸಬೇಕು. ಅಡುಗೆ ಮಾಡುವವರು ಆಗಾಗ ಬದಲಾಗುವ ಮನೆಯಲ್ಲಿ ಇದೂ ನಂಬುವಂಥ ಏರ್ಪಾಡಲ್ಲ.

ಕೊಳ್ಳುವಾಗ ಪೊಟ್ಟಣದ ಮುಂಭಾಗದ ಹೆಸರನ್ನು ಬಿಟ್ಟು ಹಿಂಭಾಗವನ್ನು ಓದಿರಿ. 100 ಗ್ರಾಂ ಸಾಮಾನ್ಯ ಉಪ್ಪಿನಲ್ಲಿ ಸುಮಾರು 39 ಗ್ರಾಂ ಸೋಡಿಯಂ ಇರುತ್ತದೆ. ಶೇ 15ರಷ್ಟು ಕಡಿಮೆ ಎಂದರೆ ಅದು 33ರ ಆಸುಪಾಸಿಗೂ, ಶೇ 30ರಷ್ಟು ಕಡಿಮೆ ಎಂದರೆ 27ರ ಆಸುಪಾಸಿಗೂ ಇಳಿದಿರಬೇಕು. ಘಟಕಾಂಶಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂದಿದೆಯೇ, ಅಯೋಡಿನ್ ಸೇರಿದೆಯೇ ಎಂದೂ ನೋಡಿರಿ. ಸೈಂಧವ ಲವಣವಾಗಲಿ ಕಲ್ಲುಪ್ಪಾಗಲಿ ಈ ಗುಂಪಿಗೆ ಸೇರುವುದಿಲ್ಲ. ಅವು ಬಹುಪಾಲು ಸೋಡಿಯಂ ಕ್ಲೋರೈಡೇ ಆಗಿದ್ದು, ಎಷ್ಟೋ ಸಲ ಅಯೋಡಿನ್ ಕೂಡ ಇರುವುದಿಲ್ಲ. ಬಿಪಿಗೆ ಒಳ್ಳೆಯದೆಂದು ಹೆಚ್ಚು ದುಡ್ಡು ಕೊಟ್ಟು ಗುಲಾಬಿ ಬಣ್ಣದ ಉಪ್ಪು ತರುವುದರಲ್ಲಿ ಅರ್ಥವಿಲ್ಲ.

ಅಡುಗೆಯಲ್ಲಿ ಎದುರಾಗುವ ತೊಡಕು ರುಚಿಯದು. ಪೊಟ್ಯಾಸಿಯಂ ಕ್ಲೋರೈಡಿಗೆ ನಾಲಿಗೆಯ ಹಿಂಬದಿಯಲ್ಲಿ ಉಳಿಯುವ ಸಣ್ಣ ಕಹಿಯಿದೆ. ಹುಣಸೆಹುಳಿ, ಖಾರ, ಇಂಗಿನ ಒಗ್ಗರಣೆ ಬಿದ್ದ ಸಾರು, ಹುಳಿ, ಗೊಜ್ಜುಗಳಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ. ಮಜ್ಜಿಗೆ, ಮೊಸರನ್ನ, ಹೆಚ್ಚಿದ ಸೌತೆಕಾಯಿಯ ಮೇಲೆ ಉದುರಿಸಿದರೆ ಕೂಡಲೇ ತಿಳಿಯುತ್ತದೆ. ಆದ್ದರಿಂದ ಸಾರು ಮತ್ತು ಪಲ್ಯದಿಂದ ಆರಂಭಿಸಿ, ಮೊದಲ ಒಂದೆರಡು ವಾರ ಹಳೆಯ ಉಪ್ಪಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಬಳಸಿದರೆ ಬಾಯಿಗೆ ಒಗ್ಗುತ್ತದೆ. ಉಪ್ಪು ಸಪ್ಪೆ ಅನ್ನಿಸಿತೆಂದು ಇನ್ನೊಂದು ಚಮಚ ಸುರಿದರೆ ಮಾತ್ರ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ನಾಲ್ವರ ಮನೆಗೆ ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಪೊಟ್ಟಣ ಒಡೆದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. 25 ದಿನಕ್ಕೇ ಮುಗಿಯುತ್ತಿದ್ದರೆ, ಶೇ 15ರಷ್ಟು ಕಡಿಮೆ ಸೋಡಿಯಂ ಇರುವ ಉಪ್ಪಿನಿಂದಲೂ ದಿನಕ್ಕೆ 8.5 ಗ್ರಾಂ ಸಾಮಾನ್ಯ ಉಪ್ಪು ತಿಂದಷ್ಟೇ ಸೋಡಿಯಂ ಹೊಟ್ಟೆಗೆ ಹೋಗುತ್ತದೆ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಕರಾವಳಿಯ ಒಣಮೀನು ಇವುಗಳ ಸೋಡಿಯಂ ಡಬ್ಬಿಯ ಉಪ್ಪು ಬದಲಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಮಿಡಿ ಉಪ್ಪಿನಕಾಯಿಯ ಅಳತೆಗಳೆಲ್ಲ ಸಾಮಾನ್ಯ ಉಪ್ಪಿಗೆ ಹೊಂದಿದವಾದ್ದರಿಂದ ಅದನ್ನು ಆ ಉಪ್ಪಿನಲ್ಲೇ ಹಾಕಿ, ತಿನ್ನುವ ಹೋಳಿನ ಸಂಖ್ಯೆಯನ್ನು ಇಳಿಸುವುದೇ ಸರಿ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ.

ಹೊಸ ಉಪ್ಪು ಶುರುವಾದ ಮೇಲೆ ಬಿಪಿ ಇಳಿಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅಳತೆಗಳನ್ನು ಬರೆದುಕೊಂಡು ವೈದ್ಯರಿಗೆ ತೋರಿಸಬೇಕು. ಟೆಲ್ಮಿಸಾರ್ಟನ್‌ನಂಥ ಮಾತ್ರೆ ಸೇವಿಸುವವರು ಕೆಲವು ವಾರಗಳಲ್ಲಿ ಪೊಟ್ಯಾಸಿಯಂ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ವಾಂತಿ ಭೇದಿಯಾಗಿ ದೇಹದ ನೀರು ಕಳೆದಾಗ ಮೂತ್ರಪಿಂಡ ತಾತ್ಕಾಲಿಕವಾಗಿ ಸೋಲುವ ಸಂಭವವಿರುವುದರಿಂದ ಆ ದಿನಗಳಲ್ಲಿ ಈ ಉಪ್ಪನ್ನು ನಿಲ್ಲಿಸಬೇಕು, ಮನೆಯಲ್ಲೇ ಕಲಸುವ ಉಪ್ಪು ಸಕ್ಕರೆ ನೀರಿಗೂ ಸಾಮಾನ್ಯ ಉಪ್ಪನ್ನೇ ಬಳಸಬೇಕು. ಪೊಟ್ಯಾಸಿಯಂ ಏರಿದಾಗ ಅನೇಕರಿಗೆ ಏನೂ ಅನ್ನಿಸುವುದಿಲ್ಲ. ಕೈಕಾಲು ಸೋಲುವುದು, ಜುಮುಗುಡುವುದು, ನಾಡಿ ನಿಧಾನವಾಗುವುದು ಅಥವಾ ತಪ್ಪಿ ತಪ್ಪಿ ಬಡಿಯುವುದು ಕಂಡುಬಂದರೆ ಬೆಳಗಾಗಲಿ ಎಂದು ಕಾಯದೆ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಮಾತ್ರೆಗಳ ಚೀಟಿಯ ಜೊತೆಗೆ ಮನೆಯ ಉಪ್ಪಿನ ಪೊಟ್ಟಣವನ್ನೂ ವೈದ್ಯರಿಗೆ ತೋರಿಸಿರಿ.