ಸ್ಟುಟ್‌ಗಾರ್ಟ್‌ನಲ್ಲಿ ಮೆಟ್ಟಿಲು ಒರೆಸುವ ಪಾಳಿ

ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದೀರಾ? ಜರ್ಮನ್ ವ್ಯಾಕರಣ ಆಮೇಲಾಗಲಿ, ಮೊದಲು ಒಂದು ಬಕೆಟ್ ಮತ್ತು ಮಾಪ್ ಕೊಳ್ಳಿ. ಒಂದು ಬೆಳಿಗ್ಗೆ ನಿಮ್ಮ ಬಾಗಿಲಿನ ಹಿಡಿಗೆ ‘ಕೇರ್‌ವೋಖೆ’ ಎಂದು ಬರೆದ ಪುಟ್ಟ ಹಲಗೆ ನೇತಾಡುತ್ತಿರುತ್ತದೆ. ಹೊಸಬರನ್ನು ಸ್ವಾಗತಿಸುವ ಅಲಂಕಾರವಿರಬೇಕೆಂದು ನಾನು ಅದನ್ನು ಒಳಗೆ ತಂದು ದೇವರ ಗೂಡಿನ ಪಕ್ಕದ ಮೊಳೆಗೆ ಹಾಕಿದ್ದೆ. ಎಂಟು ದಿನ ಯಾರೂ ತುಟಿ ಬಿಚ್ಚಲಿಲ್ಲ. ಒಂಬತ್ತನೆಯ ದಿನ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿ, ಮೆಟ್ಟಿಲಿನತ್ತ ಬೆರಳು ತೋರಿಸಿದರು.

ಈ ವಾರ ಗುಡಿಸುವ ಪಾಳಿ ನಿಮ್ಮದು ಎಂಬುದೇ ಆ ಹಲಗೆಯ ಅರ್ಥ. ದಿನಾ ಬಾಗಿಲು ಸಾರಿಸಿ ರಂಗೋಲಿ ಹಾಕಿ ಬೆಳೆದ ಮೈಸೂರಿನವಳಿಗೆ ಗುಡಿಸುವುದನ್ನು ಕಲಿಸುತ್ತಾರೆಯೇ ಎಂದು ಬೀಗಿದೆ. ಆದರೆ ಅಲ್ಲಿ ನನ್ನದು ನನ್ನ ಹೊಸಲಷ್ಟೇ. ಎಲ್ಲರೂ ತುಳಿಯುವ ಮೆಟ್ಟಿಲನ್ನು ಒರೆಸಿದವಳಲ್ಲ.

ಮಹಡಿಯಿಂದ ಕೆಳಗೆ ಗುಡಿಸುತ್ತಾ ಬನ್ನಿ. ಆಮೇಲೆ ಚೆನ್ನಾಗಿ ಹಿಂಡಿದ ಮಾಪ್‌ನಿಂದ ಒರೆಸಿ. ನಮ್ಮ ಜಗುಲಿಗೆ ಸುರಿದಂತೆ ನೀರು ಸುರಿಯಬೇಡಿ, ಹಳೆಯ ಕಟ್ಟಡಗಳ ಮೆಟ್ಟಿಲುಗಳು ಮರದವು. ಕೈಹಿಡಿ ಮತ್ತು ತಿರುವಿನ ಕಿಟಕಿಯ ಕಟ್ಟೆಯನ್ನೂ ಬಿಡಬೇಡಿ. ಅಜ್ಜಿ ಬೆರಳಿಟ್ಟು ನೋಡುವುದು ಅಲ್ಲಿಯೇ. ಶನಿವಾರ ಬೆಳಿಗ್ಗೆ ಪ್ರಶಸ್ತ. ಬಕೆಟ್ಟಿನ ಹಿಡಿ ಒಂದೆರಡು ಸಲ ಟಣ್ ಎಂದರೆ ಇನ್ನೂ ಒಳ್ಳೆಯದು, ಕೆಲಸ ನಡೆದದ್ದು ನಾಲ್ಕು ಕಿವಿಗೆ ಬೀಳಲಿ. ಮುಗಿದ ಮೇಲೆ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ನೇತುಹಾಕಿ.

ಭಾನುವಾರಕ್ಕೆ ಮಾತ್ರ ಉಳಿಸಿಕೊಳ್ಳಬೇಡಿ. ಅಂದು ವ್ಯಾಕ್ಯೂಮ್ ಕ್ಲೀನರ್ ಸದ್ದು, ಡ್ರಿಲ್ ಸದ್ದು, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವ ಸದ್ದು ಯಾವುದೂ ಸಲ್ಲದು. ಅಂಗಡಿಗಳೂ ಮುಚ್ಚಿರುತ್ತವೆ, ಮೊಸರಿಗೆ ಹೆಪ್ಪು ಹಾಕಲು ಶನಿವಾರವೇ ಹಾಲು ತಂದಿಡಿ. 25 ಸೆಂಟ್ ಠೇವಣಿಯ ಪ್ಲಾಸ್ಟಿಕ್ ಬಾಟಲಿಗಳನ್ನು ಎಸೆಯದೆ ಅದೇ ಓಡಾಟದಲ್ಲಿ ಅಂಗಡಿಯ ಯಂತ್ರಕ್ಕೆ ಹಾಕಿಬನ್ನಿ.

ಅಜ್ಜಿಯನ್ನು ಅಜ್ಜಿ ಎನ್ನುವುದು ಮನಸ್ಸಿನಲ್ಲಿ ಮಾತ್ರ. ಬಾಯಲ್ಲಿ ‘ಫ್ರೌ’, ಅದರ ಮುಂದೆ ಮನೆತನದ ಹೆಸರು. ನಮಗೆ ಮನೆತನದ ಹೆಸರೆಲ್ಲಿಂದ ಬರಬೇಕು? ಪಾಸ್‌ಪೋರ್ಟಿನ ಕೊನೆಯಲ್ಲಿರುವುದು ಅಪ್ಪನ ಹೆಸರು. ಹಾಗಾಗಿ ಕರೆಗಂಟೆಯ ಮೇಲೂ ಅಂಚೆಪೆಟ್ಟಿಗೆಯ ಮೇಲೂ ನಾನು ನಂಜುಂಡಯ್ಯ. ಅಜ್ಜಿಯ ಬಾಯಲ್ಲಿ ಫ್ರೌ ನಂಜುಂಡಯ್ಯ. ಫೋನಿನಲ್ಲಿ ಹೇಳಿದರೆ ಅಪ್ಪ ಇವತ್ತಿಗೂ ನಗುತ್ತಾರೆ.

ನನ್ನ ಮೂರನೆಯ ಪಾಳಿ ಮುಗಿದಾಗ ಅಜ್ಜಿ ಮೆಟ್ಟಿಲನ್ನು ನೋಡಿ ಸುಮ್ಮನೆ ಹೋದರು. ಬೈಯದಿದ್ದರೆ ಹೊಗಳಿದ ಹಾಗೆ ಎಂಬುದು ಈ ಶ್ವಾಬಿಯಾ ಸೀಮೆಯ ಗಾದೆಯೇ. ಮರುವಾರ ಕಾಫಿಗೆ ಕರೆ ಬಂತು, ‘ಹಾಲ್ಪ್ ದ್ರೈ’ಗೆ. ಹಾಲ್ಪ್ ಎಂದರೆ ಅರ್ಧ, ದ್ರೈ ಎಂದರೆ ಮೂರು. ಮೂರೂವರೆಗೆ ಹೋದೆ. ಕೇಕ್ ಕತ್ತರಿಸಿಟ್ಟು, ಕಾಫಿ ಆರಿ, ಅಜ್ಜಿ ಕುಳಿತಿದ್ದರು. ನಾವು ಮುಗಿದ ಗಂಟೆಯ ಮೇಲೆ ಅರ್ಧ ಸೇರಿಸುತ್ತೇವೆ. ಅವರು ನಡೆಯುತ್ತಿರುವ ಗಂಟೆಯಲ್ಲಿ ಅರ್ಧ ಕಳೆಯಿತು ಎನ್ನುತ್ತಾರೆ. ಹಾಲ್ಪ್ ದ್ರೈ ಎಂದರೆ ಎರಡೂವರೆ. ಇಲ್ಲಿನವರ ‘ಫಿಯರ್ಟೆಲ್ ದ್ರೈ’ ಕೂಡ ಮೂರೂಕಾಲಲ್ಲ, ಎರಡೂಕಾಲು. ಅನುಮಾನವಿದ್ದರೆ ಗಡಿಯಾರ ತೋರಿಸಿ ಕೇಳಿಬಿಡಿ.

ಬೇಗ ಹೋಗುವುದೂ ತಪ್ಪೇ. ಎರಡನೆಯ ಸಲ ಎರಡು ಇಪ್ಪತ್ತೈದಕ್ಕೇ ತಲುಪಿ, ಐದು ನಿಮಿಷ ಮೆಟ್ಟಿಲ ಮೇಲೆ ಕಾದೆ. ಮೂಲೆಯಲ್ಲಿ ಧೂಳು ಕಂಡಿತು. ಆ ವಾರ ಹಲಗೆ ನನ್ನ ಬಾಗಿಲಿನಲ್ಲಿರಲಿಲ್ಲ. ಆದರೂ ಕರ್ಚೀಫಿನಿಂದ ಒರೆಸಿಯೇ ಗಂಟೆ ಒತ್ತಿದೆ.