ರವಿಕೀರ್ತಿಗೆ ಎಷ್ಟು ಅಂಕ?

ನಮ್ಮ ಕಾಲೇಜಿನ ಗ್ರಂಥಾಲಯ ಚಂದಾ ಕಡಿತಗೊಳಿಸಲು ಹೊರಟಾಗ, ‘ಜರ್ನಲ್ ಆಫ್ ದಿ ಸೊಸೈಟಿ ಆಫ್ ಆರ್ಕಿಟೆಕ್ಚರಲ್ ಹಿಸ್ಟೋರಿಯನ್ಸ್’ ಉಳಿಯಬೇಕೋ ಬೇಡವೋ ಎಂಬ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ವಾಸ್ತುಶಿಲ್ಪದ ಇತಿಹಾಸ ಕಲಿಸುವವನು ಅಲ್ಲಿ ನಾನೊಬ್ಬನೇ. 1941ರಲ್ಲಿ ಅಮೆರಿಕದಲ್ಲಿ ಆರಂಭವಾದ ಪತ್ರಿಕೆ ಅದು, ಈಗ ತ್ರೈಮಾಸಿಕ. ಸಮಿತಿಗೆ ಬೇಕಾಗಿದ್ದುದು ಒಂದೇ: ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪತ್ರಿಕೆಯ ಲೇಖನಗಳಿಗೆ ಸಿಗುವ ಉಲ್ಲೇಖಗಳನ್ನು ಅಳೆಯುವ ಅಂಕಿ, ಎಷ್ಟು?

ಯಾವ ಬರಹವನ್ನು ಯಾರು ಉಲ್ಲೇಖಿಸಿದರೆಂದು ದಾಖಲಿಸುವ ಸೂಚಿಗಳ ಪೈಕಿ, ಕಲೆ ಮತ್ತು ಮಾನವಿಕಗಳ ಉಲ್ಲೇಖ ಸೂಚಿಯಲ್ಲಷ್ಟೇ ಇದ್ದ ಪತ್ರಿಕೆಗಳಿಗೆ 2023ರವರೆಗೆ ಆ ಅಂಕಿಯನ್ನೇ ಕೊಡುತ್ತಿರಲಿಲ್ಲ. ಈಗ ಕೊಡುತ್ತಾರೆ, ಆದರೆ ಬಲು ಚಿಕ್ಕದು. ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸುವ ಲೆಕ್ಕ ಅದು. ವೈದ್ಯಕೀಯಕ್ಕೆ ಒಪ್ಪಬಹುದು. ನಮ್ಮಲ್ಲಿ ಒಂದು ಗುಡಿಯ ಅಳತೆ ತೆಗೆದು, ನಕ್ಷೆ ಬರೆದು, ಶಾಸನ ಓದಿಸುವಷ್ಟರಲ್ಲೇ ಆ ಎರಡು ವರ್ಷ ಮುಗಿದಿರುತ್ತದೆ.

ಹಾಗಾಗಿ ಹಿಂದಿನಿಂದ ಹೊರಟೆ: ನಮ್ಮ ವಿದ್ಯಾರ್ಥಿಗಳು ಉಲ್ಲೇಖಿಸುವುದು ಯಾವ ಕಾಲದ ಬರಹಗಳನ್ನು? ಕಪಾಟಿನಿಂದ ವಿದ್ಯಾರ್ಥಿಗಳ ಪ್ರೌಢಪ್ರಬಂಧಗಳನ್ನು ಇಳಿಸಿ, ಪೆನ್ಸಿಲ್ ಹಿಡಿದು ಅಡಿಟಿಪ್ಪಣಿಗಳ ಇಸವಿಗಳನ್ನು ಗುರುತು ಹಾಕುತ್ತ ಹೋದೆ. ಐಹೊಳೆಯ ಮೇಲಿನ ಪ್ರಬಂಧವೊಂದರಲ್ಲಿ ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ಸಮೀಕ್ಷೆ ಪುಟಪುಟದಲ್ಲೂ ಇತ್ತು. ದ್ರಾವಿಡ ಶೈಲಿಯ ಕಲ್ಲಿನ ದೇಗುಲಗಳ ಆರಂಭ ಕುರಿತು ಗ್ಯಾರಿ ಟಾರ್ಟಕೋವ್ 1980ರಲ್ಲಿ ‘ಆರ್ಟಿಬಸ್ ಏಷ್ಯೆ’ ಪತ್ರಿಕೆಗೆ ಬರೆದ ಲೇಖನವೂ ಇತ್ತು. ಎರಡಕ್ಕೂ ಆ ಲೆಕ್ಕದಲ್ಲಿ ಸೊನ್ನೆ. ಇನ್ನು ಕನ್ನಡ ಗ್ರಂಥಗಳ ಅಡಿಟಿಪ್ಪಣಿಗಳಂತೂ ಆ ಸೂಚಿಗಳ ಕಣ್ಣಿಗೇ ಬೀಳುವುದಿಲ್ಲ.

ಅದೇ ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ ಅದನ್ನು ರಚಿಸಿದ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ಆ ಕವಿಗಳಿಬ್ಬರೂ ಅದಕ್ಕಿಂತ ಹಿಂದಿನವರು ಎನ್ನಲು ಇಂದಿಗೂ ನಾವು ಹಿಡಿಯುವುದು ಆ ಒಂದು ಉಲ್ಲೇಖವನ್ನೇ. ಇದನ್ನು ಟಿಪ್ಪಣಿಯಲ್ಲಿ ಬರೆದೆ. ಸಮಿತಿಯಲ್ಲಿ ಯಾರೂ ನಗಲಿಲ್ಲ.

ಎಣಿಕೆ ನನ್ನನ್ನೂ ಪೇಚಿಗೆ ಸಿಕ್ಕಿಸಿತು. ನಾನು ಉಳಿಸಲು ಹೊರಟ ಪತ್ರಿಕೆಯ ಹೆಸರೇ ಆ ಪ್ರಬಂಧಗಳಲ್ಲಿ ಅಪರೂಪವಾಗಿತ್ತು. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳ ಬಗ್ಗೆ ಬರೆದವರಷ್ಟೇ ಅದನ್ನು ತಿರುವಿ ಹಾಕಿದ್ದರು. ಮುಚ್ಚಿಡದೆ ಅದನ್ನೂ ಬರೆದೆ. ಜೊತೆಗೆ, ಆ ಪತ್ರಿಕೆಯಲ್ಲಿ ನಾನು ಮೊದಲು ತೆರೆಯುವುದು ಪುಸ್ತಕ ವಿಮರ್ಶೆಗಳನ್ನು, ಗ್ರಂಥಾಲಯಕ್ಕೆ ಯಾವ ಪುಸ್ತಕ ತರಿಸಬೇಕೆಂದು ತೀರ್ಮಾನಿಸುವುದು ಅವನ್ನು ಓದಿಯೇ ಎಂದೂ ಸೇರಿಸಿದೆ. ಇಂಪ್ಯಾಕ್ಟ್ ಫ್ಯಾಕ್ಟರಿನ ಲೆಕ್ಕದಲ್ಲಿ ಭಾಗಿಸುವಾಗ ವಿಮರ್ಶೆಗಳು ಲೇಖನಗಳ ಸಾಲಿಗೇ ಸೇರುವುದಿಲ್ಲ.

ಅಚ್ಚಿನ ಪ್ರತಿ ನಿಂತಿತು, ಆನ್‌ಲೈನ್ ಚಂದಾ ಉಳಿಯಿತು. ಅಡಿಟಿಪ್ಪಣಿಗಳ ಇಸವಿ ಬರೆದಿಟ್ಟ ಆ ನೋಟ್‌ಬುಕ್ಕಿಗೆ ಈಗ ಪ್ರತಿ ವರ್ಷವೂ ಹೊಸ ಪ್ರಬಂಧಗಳ ಪುಟಗಳು ಸೇರುತ್ತಿವೆ.